ಹಾಸಿಗೆಯ ನುಸಿಗೆ ಉಣ್ಣೆ ಔಷಧಿ ಬೇಡ

(ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ರಾಸುಗಳಲ್ಲಿ ಹೊರ ಪರೋಪಜೀವಿಗಳ ಹತೋಟಿ’ ಎಂದು ಬರೆದಿದ್ದಾರೆ. ಅಂದರೆ ಉಣ್ಣೆ, ಹೇನು, ಕಜ್ಜಿ ಹುಳು. ಅದನ್ನು ಊಟದ ನಂತರ ಕೊಟ್ಟಿಗೆಯಲ್ಲೇ ನಿಂತು ಹೇಳುತ್ತೇನೆ. ಅದಕ್ಕೆ ಮೊದಲು ಅರ್ಧ ಗಂಟೆ ನಿಮ್ಮ ಮನೆಯೊಳಗಿನ ಹಾಸಿಗೆ, ದಿಂಬಿನ ವಿಷಯ ಮಾತಾಡಬೇಕಾಗಿದೆ. ದನದ ಡಾಕ್ಟರಿಗೆ ಮನೆಯ ಹಾಸಿಗೆಯ ಗೊಡವೆ ಏಕೆ ಎಂದು ನಗಬೇಡಿ, ಕಾರಣವಿದೆ.

ಉಣ್ಣೆ ಔಷಧಿ ಒಯ್ಯಲು ಬರುವವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. “ಸಾರ್, ಮಗೂಗೆ ಉಬ್ಬಸ. ಆಸ್ಪತ್ರೆ ಡಾಕ್ಟ್ರು ಹಾಸಿಗೆ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತೆ, ಅದರಿಂದ ಹೆಚ್ಚಾಗುತ್ತೆ ಅಂದ್ರು. ಹಸೂಗೆ ಹಾಕೋ ಔಷಧೀನೇ ಹಾಸಿಗೆಗೂ ಹೊಡೀಬೋದಾ?” ಕೇಳಿದವರಿಗೆ ಬೇಡ ಎಂದು ಹೇಳಿ ಕಳಿಸಬಹುದು. ಕೇಳದೆಯೇ ಹೊಡೆದವರಿಗೆ ಏನು ಹೇಳೋಣ? ಆ ಔಷಧಿ ನಿಮ್ಮ ಕೈಗೆ ಬರುವುದು ನಮ್ಮಿಂದ. ಆದುದರಿಂದ ಅದು ಎಲ್ಲಿಗೆ ಹೋಗಬಾರದು ಎಂದು ಹೇಳುವುದೂ ನಮ್ಮ ಕರ್ತವ್ಯ.

ಮೊದಲು ಈ ಹುಳ ಯಾವುದು ಎಂದು ತಿಳಿಯೋಣ. ಇದರ ಹೆಸರು ಧೂಳಿನ ನುಸಿ. ನುಸಿ ಎಂದ ಕೂಡಲೇ ಸಂಜೆ ದೀಪದ ಸುತ್ತ ಹಾರುವ ನುಸಿಯನ್ನು ನೆನೆಯಬೇಡಿ. ತೆಂಗು ಇರುವವರಿಗೆ ಬೇಗ ಅರ್ಥವಾಗುತ್ತದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಅಲ್ಲಿಂದ ನಮ್ಮ ತೋಟಗಳಿಗೂ ನುಗ್ಗಿ ಕಾಯಿಗಳನ್ನೆಲ್ಲ ಮುರುಟಿಸಿತಲ್ಲ, ಆ ತೆಂಗಿನ ನುಸಿಯ ದೂರದ ನೆಂಟ ಇದು. ಉಣ್ಣೆಗೂ ದನದ ಕಜ್ಜಿ ಹುಳುವಿಗೂ ನೆಂಟ. ಇವು ಕೀಟಗಳಲ್ಲ, ಜೇಡದ ಬಳಗದವು. ಕೀಟಕ್ಕೆ ಆರು ಕಾಲು, ಇವಕ್ಕೆ ಎಂಟು. (ತೆಂಗಿನ ನುಸಿಗೆ ಮಾತ್ರ ನಾಲ್ಕೇ ಕಾಲು, ಆ ಮಾತು ಬೇರೆ.) ಧೂಳಿನ ನುಸಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಬರಿಗಣ್ಣಿಗೆ ಕಾಣುವುದಿಲ್ಲ. ನಿಮ್ಮ ಹಾಸಿಗೆಯಲ್ಲಿ ಹುಳ ಕಂಡರೆ ಅದು ತಿಗಣೆ ಇರಬೇಕು, ಇದಂತೂ ಅಲ್ಲ.

ತಿಗಣೆಯಂತೆ ಇದು ಕಚ್ಚುವುದೂ ಇಲ್ಲ, ಉಣ್ಣೆಯಂತೆ ರಕ್ತ ಹೀರುವುದೂ ಇಲ್ಲ. ಬೆಳಗ್ಗೆ ಎದ್ದಾಗ ಮೈಮೇಲೆ ಸಾಲಾಗಿ ಕೆಂಪು ಗಂಧೆ ಎದ್ದಿದ್ದರೆ ತಿಗಣೆ ಹುಡುಕಿ. ಬೆರಳ ಸಂದಿಯಲ್ಲಿ ರಾತ್ರಿ ಹೊತ್ತು ನವೆ, ಮನೆಯವರಿಗೆಲ್ಲ ಒಬ್ಬರಿಂದ ಒಬ್ಬರಿಗೆ ಹರಡಿದ್ದರೆ ಅದು ಕಜ್ಜಿ, ವೈದ್ಯರಲ್ಲಿ ತೋರಿಸಿ. ಧೂಳಿನ ನುಸಿಯ ಆಹಾರವೇ ಬೇರೆ. ನಮ್ಮ ಚರ್ಮದಿಂದ ದಿನವೂ ಹೊಟ್ಟಿನಂತೆ ಸಣ್ಣ ಚೂರುಗಳು ಉದುರುತ್ತಿರುತ್ತವೆ, ದಿನಕ್ಕೆ ಸುಮಾರು ಒಂದು ಗ್ರಾಂ ಎಂದಿಟ್ಟುಕೊಳ್ಳಿ. ರಾತ್ರಿ ಏಳೆಂಟು ಗಂಟೆ ಒಂದೇ ಕಡೆ ಹೊರಳಾಡುತ್ತೇವಾದ್ದರಿಂದ ಅದರ ದೊಡ್ಡ ಪಾಲು ಹಾಸಿಗೆ ಸೇರುತ್ತದೆ. ಗೋದಲಿಗೆ ಮೇವು ಸುರಿದಂತೆ ನಾವೇ ಅದಕ್ಕೆ ಮೇವು ಹಾಕುತ್ತಿದ್ದೇವೆ. ವಿಜ್ಞಾನಿಗಳು ಇದಕ್ಕಿಟ್ಟ ಗ್ರೀಕ್ ಹೆಸರಿನ ಅರ್ಥವೂ ‘ಚರ್ಮ ತಿನ್ನುವುದು’ ಎಂದೇ.

ಮೇವಾಯಿತು, ನೀರು? ಇಲ್ಲೇ ಇದರ ಜುಟ್ಟು ನಮ್ಮ ಕೈಗೆ ಸಿಗುವುದು. ಈ ನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ನೂರಕ್ಕೆ 70-80 ಇದ್ದರೆ ಅದಕ್ಕೆ ಸುಗ್ಗಿ. 50ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಒಣಗಿ ಸಾಯುತ್ತದೆ. ಹಾಗಾಗಿ ನಮ್ಮ ಬಯಲು ಸೀಮೆಯಲ್ಲಿ ಶಿವರಾತ್ರಿಯಿಂದ ಮುಂಗಾರು ಹಿಡಿಯುವವರೆಗೆ ಇದರ ಕಾಟ ಕಡಿಮೆ. ಮಳೆ ಹಿಡಿದು ನಾಲ್ಕಾರು ವಾರ ಕಳೆದ ಮೇಲೆ ಸಂತತಿ ಏರುತ್ತದೆ. ಒಂದು ಹೆಣ್ಣು ತನ್ನ ಎರಡು-ಮೂರು ತಿಂಗಳ ಆಯುಸ್ಸಿನಲ್ಲಿ ಅರವತ್ತು ಎಂಬತ್ತು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಮರಿ ದೊಡ್ಡದಾಗಲು ಒಂದು ತಿಂಗಳು ಸಾಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೆಂಟರಿರುವವರಿಗೆ ಅಲ್ಲಿನ ಹಾಸಿಗೆಗಳ ಮುಗ್ಗಲು ವಾಸನೆ ಗೊತ್ತು. ಅಲ್ಲಿ ಇದಕ್ಕೆ ವರ್ಷದ ಬಹುಪಾಲು ಹಬ್ಬವೇ.

ಕಚ್ಚದ ಹುಳ ಮಾಡುವ ಹಾನಿ ಏನು ಎಂದು ಕೇಳಬಹುದು. ಹಾನಿ ಹುಳದ್ದಕ್ಕಿಂತ ಅದರ ಹಿಕ್ಕೆಯದು. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯಲ್ಲಿರುವ ಒಂದು ಬಗೆಯ ಸಸಾರಜನಕ ಕೆಲವರ ಮೈಗೆ ಒಗ್ಗುವುದಿಲ್ಲ. ಅದು ಉಸಿರಿನ ಜೊತೆ ಒಳಗೆ ಹೋದಾಗ ಸೀನು, ಮೂಗು ಸೋರುವುದು, ಕಣ್ಣು ತುರಿಕೆ, ಒಣ ಕೆಮ್ಮು, ಉಬ್ಬಸ ಬರುತ್ತದೆ. ಕೆಲವು ಮಕ್ಕಳಿಗೆ ಮೊಣಕೈ, ಮಂಡಿಯ ಮಡಿಕೆಯಲ್ಲಿ ಇಸುಬು ಕೆರಳುತ್ತದೆ. ಮನೆ ಧೂಳಿನ ಅಲರ್ಜಿಗೆ ಮೂಲ ಈ ನುಸಿ ಎಂಬುದನ್ನು 1964ರಲ್ಲಿ ನೆದರ್ಲೆಂಡ್ಸ್ ದೇಶದ ಲೈಡನ್ನಿನ ಸಂಶೋಧಕರು ತೋರಿಸಿಕೊಟ್ಟರು. ಅದಕ್ಕೆ ಮುಂಚೆ ಧೂಳು ಆಗುವುದಿಲ್ಲ ಎಂದಷ್ಟೇ ವೈದ್ಯರು ಹೇಳುತ್ತಿದ್ದರು.

ಉಬ್ಬಸ ಹೆಚ್ಚುತ್ತಿದೆಯೇ ಎಂದರೆ, ನಮ್ಮ ರಾಜ್ಯದ್ದೇ ಒಂದು ಲೆಕ್ಕವಿದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಆಸ್ತಮಾ ಇದ್ದರೆ 1999ರ ಹೊತ್ತಿಗೆ ಅದು 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದ ಪಟ್ಟಣದ ಮಕ್ಕಳ ಲೆಕ್ಕ, ಹಳ್ಳಿಯ ಎಲ್ಲ ಮಕ್ಕಳಿಗೂ ಹಾಕಬಾರದು. ಪಟ್ಟಣದಲ್ಲಿ ವಾಹನದ ಹೊಗೆಯೂ ಇದೆ. ಆದರೆ ನಮ್ಮ ಹಳ್ಳಿಗಳಲ್ಲೂ ಚಾಪೆ ಹೋಗಿ ದಪ್ಪ ಹಾಸಿಗೆ, ಹಂಚಿನ ಮನೆ ಹೋಗಿ ಕಿಟಕಿ ಮುಚ್ಚಿದ ತಾರಸಿ ಮನೆ ಬಂದಿದೆ ಎಂಬುದನ್ನು ಮರೆಯಬಾರದು.

ಈಗ ಔಷಧಿಯ ವಿಷಯ. ಉಣ್ಣೆಗೆ ನಾವು ಕೊಡುವುದು ಹೆಚ್ಚಾಗಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್. ಇವು ನುಸಿಯನ್ನು ಕೊಲ್ಲಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಸತ್ತ ನುಸಿಯ ಹಿಕ್ಕೆ ಎಲ್ಲಿ ಹೋಯಿತು? ಅದು ಹಾಸಿಗೆಯಲ್ಲೇ ಇದೆ. ಮಗುವಿಗೆ ಉಬ್ಬಸ ತರುವುದು ಅದೇ. ಅಂದಮೇಲೆ ಔಷಧಿ ಹೊಡೆದು ಸಾಧಿಸಿದ್ದೇನು? ಹಳೆಯ ತೊಂದರೆ ಹಾಗೆಯೇ ಉಳಿಯಿತು, ಹೊಸದೊಂದು ಸೇರಿಕೊಂಡಿತು.

ಆ ಹೊಸ ತೊಂದರೆ ಸಣ್ಣದಲ್ಲ. ಹಸುವಿಗೆ ಔಷಧಿ ಹಚ್ಚುವಾಗ ಏನೇನು ಹೇಳುತ್ತೇವೆ, ನೆನಪು ಮಾಡಿಕೊಳ್ಳಿ. ಬಯಲಿನಲ್ಲಿ ಕಟ್ಟಿ, ಮೊದಲು ನೀರು ಕುಡಿಸಿ, ಕಣ್ಣು ಬಾಯಿಗೆ ತಾಗಿಸಬೇಡಿ, ಮೈ ಒಣಗುವವರೆಗೆ ನೆಕ್ಕಲು ಬಿಡಬೇಡಿ, ನಿಮ್ಮ ಕೈಗೆ ಚೀಲ ಕಟ್ಟಿಕೊಳ್ಳಿ, ಗಾಳಿಗೆ ಎದುರು ನಿಲ್ಲಬೇಡಿ. ನಾನೂರು ಕಿಲೋ ತೂಗುವ, ದಪ್ಪ ಚರ್ಮದ ಪ್ರಾಣಿಗೆ ಇಷ್ಟು ಎಚ್ಚರಿಕೆ. ಅದೇ ಔಷಧಿ ಹೊಡೆದ ದಿಂಬಿನ ಮೇಲೆ ಹತ್ತು-ಹನ್ನೆರಡು ಕಿಲೋ ತೂಗುವ ಮಗು ಮೂಗು ಊರಿ ರಾತ್ರಿಯಿಡೀ ಮಲಗುತ್ತದೆ. ಬೆವರುತ್ತದೆ. ಹೊದಿಕೆಯ ಅಂಚು ಚೀಪುತ್ತದೆ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳಿಂದ ಚರ್ಮ ಉರಿಯುತ್ತದೆ, ಚುಮುಚುಮು ಎನ್ನುತ್ತದೆ, ಕೆಮ್ಮು ಬರುತ್ತದೆ, ಉಬ್ಬಸ ಇದ್ದವರಿಗೆ ಅದೇ ಉಬ್ಬಸ ಕೆರಳಬಹುದು. ಅಮಿಟ್ರಾಜ್ ಇನ್ನೂ ಕೆಟ್ಟದ್ದು. ಅದು ಮೈ ಸೇರಿದರೆ ಮಂಪರು, ನಾಡಿ ನಿಧಾನವಾಗುವುದು, ರಕ್ತದೊತ್ತಡ ಇಳಿಯುವುದು ಉಂಟು. ಹೊಲಕ್ಕೆ ಹೊಡೆಯುವ ಕೀಟನಾಶಕದ ಮಾತನ್ನಂತೂ ಎತ್ತಲೇಬೇಡಿ. ಅದು ಮನೆಯೊಳಗೆ ಇರಬೇಕಾದ ವಸ್ತುವೇ ಅಲ್ಲ.

ಇಲ್ಲಿ ಬುದ್ಧಿವಂತರೊಬ್ಬರು ಕೇಳಿಯೇ ಕೇಳುತ್ತಾರೆ: “ಸರ್ಕಾರದವರು ಕೊಡೋ ಸೊಳ್ಳೆ ಪರದೆಗೂ ಇದೇ ಜಾತಿ ಔಷಧಿ ಇರುತ್ತಲ್ಲ?” ಪ್ರಶ್ನೆ ಸರಿಯಾದದ್ದೇ. ಆ ಪರದೆಯಲ್ಲಿ ಔಷಧಿಯನ್ನು ಕಾರ್ಖಾನೆಯಲ್ಲಿ ಅಳೆದು, ದಾರಕ್ಕೇ ಸೇರಿಸಿ, ಸುರಕ್ಷತೆ ಪರೀಕ್ಷಿಸಿ ಕೊಟ್ಟಿರುತ್ತಾರೆ. ಪರದೆಯ ಮೇಲೆ ಯಾರೂ ಮಲಗುವುದೂ ಇಲ್ಲ. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಅಳೆದು ಹತ್ತಿಗೆ ಕುಡಿಸುವುದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಪರದೆ ಬಳಸಿ, ಚೆನ್ನಾಗಿ ಬಳಸಿ.

ಈಗಾಗಲೇ ಹೊಡೆದಿದ್ದರೆ ಗಾಬರಿ ಬೇಡ. ಚಾದರ, ದಿಂಬಿನ ಚೀಲ, ಹೊದಿಕೆಗಳನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ ಸೋಪಿನ ನೀರಿನಲ್ಲಿ ಎರಡು ಸಲ ಒಗೆಯಿರಿ. ಒಗೆದ ನೀರನ್ನು ಕೆರೆಗೆ, ದನದ ತೊಟ್ಟಿಗೆ ಬಿಡಬೇಡಿ, ಈ ಔಷಧಿ ಮೀನಿಗೆ ವಿಷ. ಔಷಧಿ ಕುಡಿದ ಹತ್ತಿಯ ದಿಂಬನ್ನು ಮಗುವಿಗೆ ಮತ್ತೆ ಕೊಡಬೇಡಿ. ಮಗುವಿಗೆ ಮಂಪರು, ವಾಂತಿ, ಉಸಿರಿನ ತೊಂದರೆ ಕಂಡರೆ ಔಷಧಿಯ ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಯಾವ ಔಷಧಿ ಎಂದು ಗೊತ್ತಾಗದೆ ವೈದ್ಯರು ಪರದಾಡುವಂತಾಗಬಾರದು.

ಪೆಟ್ಟಿಗೆಯಲ್ಲಿ ಬಟ್ಟೆಯ ಜೊತೆ ಇಡುವ ಬಿಳಿ ನುಸಿಗುಳಿಗೆಯ ಬಗ್ಗೆಯೂ ಒಂದು ಮಾತು. ಹೆಸರಿನಲ್ಲಿ ನುಸಿ ಇದೆಯೆಂದು ಹಾಸಿಗೆಯೊಳಗೆ ಹಾಕಿ ಹೊಲಿಯಬೇಡಿ. ಅದು ಬಟ್ಟೆ ತಿನ್ನುವ ಹುಳುಗಳಿಗೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡುವಂಥದು. ಆ ವಾಸನೆ ಹಿಡಿದ ಬಟ್ಟೆಯಲ್ಲಿ ಹಸುಗೂಸನ್ನು ಸುತ್ತಿದರೆ ಕೆಲವು ಕೂಸುಗಳಿಗೆ ರಕ್ತ ಒಡೆದು ಕಾಮಾಲೆ ಏರುತ್ತದೆ. ಬಾಣಂತಿ ಕೋಣೆಗೆ ಅದನ್ನು ತರಲೇಬೇಡಿ.

ಹಾಗಾದರೆ ಮಾಡಬೇಕಾದ್ದೇನು? ನಿಮ್ಮ ಅತ್ತೆ, ಅಜ್ಜಿಯರು ಮಾಡುತ್ತಿದ್ದುದನ್ನೇ ಸ್ವಲ್ಪ ಹೆಚ್ಚು ಸಲ, ಸ್ವಲ್ಪ ತಿಳಿದುಕೊಂಡು ಮಾಡಬೇಕು. ಮಾರ್ನಮಿ ಬಂತೆಂದರೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಗಾಡಿಗೆ ಹೇರಿ ಕೆರೆಗೆ ಒಯ್ಯುತ್ತಿದ್ದರು. ಮಡಿವಾಳರು ಬಟ್ಟೆಗೆ ಚೌಳು ಹಾಕಿ ಉಬ್ಬೆ ಬೇಯಿಸುತ್ತಿದ್ದರು. ಆ ಉಬ್ಬೆಯ ಹಬೆಯಲ್ಲಿ ಯಾವ ನುಸಿಯೂ ಉಳಿಯುತ್ತಿರಲಿಲ್ಲ. ಮಳೆಗಾಲ ಮುಗಿಯುತ್ತ ನುಸಿ ತುಂಬಿಕೊಂಡಿರುವ ಹೊತ್ತಿಗೇ ಆ ಹಬ್ಬ ಬರುತ್ತದೆ ನೋಡಿ.

ಒಗೆಯುವುದರ ಲೆಕ್ಕ ಹೀಗಿದೆ. ತಣ್ಣೀರಿನಲ್ಲಿ ಸೋಪು ಹಾಕಿ ಒಗೆದರೆ ಹಿಕ್ಕೆ ಬಹುಮಟ್ಟಿಗೆ ತೊಳೆದುಹೋಗುತ್ತದೆ, ಆದರೆ ನುಸಿ ಸಾಯುವುದಿಲ್ಲ. ನೂಲಿಗೆ ಕಾಲು ಕಚ್ಚಿಕೊಂಡು ಉಳಿದುಬಿಡುತ್ತದೆ. ನೀರು 55 ಡಿಗ್ರಿಗಿಂತ ಹೆಚ್ಚು ಬಿಸಿ ಇದ್ದರೆ ನುಸಿಯೂ ಸಾಯುತ್ತದೆ. ಅಳತೆಗೆ ಥರ್ಮಾಮೀಟರ್ ಬೇಕಿಲ್ಲ. ಹಂಡೆಯಿಂದ ಒಂದು ಬಕೆಟ್ ಕುದಿಯುವ ನೀರಿಗೆ ಒಂದು ಬಕೆಟ್‌ಗಿಂತ ಸ್ವಲ್ಪ ಕಡಿಮೆ ತಣ್ಣೀರು ಬೆರೆಸಿದರೆ ಸುಮಾರು 60 ಡಿಗ್ರಿ ಬರುತ್ತದೆ, ಕೈ ಇಟ್ಟರೆ ತಡೆಯಲಾಗದಷ್ಟು. ಅದರಲ್ಲಿ ಚಾದರ, ದಿಂಬಿನ ಚೀಲಗಳನ್ನು ಪೂರ್ತಿ ಮುಳುಗಿಸಿ, ಕೋಲಿನಿಂದ ತಿರುವುತ್ತ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಎಂದಿನಂತೆ ಒಗೆಯಿರಿ. ಮಾಳಿಗೆ ಮೇಲೆ ಸೋಲಾರ್ ಇದ್ದವರಿಗೆ ಒಳ್ಳೆಯ ಬಿಸಿಲಿನ ದಿನ ಮಧ್ಯಾಹ್ನದ ನೀರೇ ಸಾಕಾಗಬಹುದು. ಬಕೆಟ್ ಹತ್ತಿರ ಮಕ್ಕಳನ್ನು ಬಿಡಬೇಡಿ. ಉಣ್ಣೆಯ ಕಂಬಳಿಯನ್ನು ಬಿಸಿನೀರಿಗೆ ಹಾಕಬೇಡಿ, ಕುಗ್ಗಿ ಗಟ್ಟಿಯಾಗುತ್ತದೆ. ಅದಕ್ಕೆ ಬಿಸಿಲೇ ಸರಿ.

ವಾರಕ್ಕೊಮ್ಮೆ ಒಗೆಯಬೇಕು ಎಂದು ಪುಸ್ತಕದಲ್ಲಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಸಗಣಿ ಬಾಚಿ, ಅಡುಗೆ ಮಾಡಿ, ಹುಲ್ಲು ಕೊಯ್ಯುವವರಿಗೆ ಇದನ್ನು ಹೇಳುವುದು ಸುಲಭ. ಅದಕ್ಕೇ ಹೇಳುತ್ತೇನೆ, ಮನೆಮಂದಿಯ ಹಾಸಿಗೆಯನ್ನೆಲ್ಲ ಒಟ್ಟಿಗೆ ಹಿಡಿಯಬೇಡಿ. ಉಬ್ಬಸ ಇರುವವರ ಚಾದರ, ದಿಂಬಿನ ಚೀಲ, ಹೊದಿಕೆ ಇವಷ್ಟನ್ನು ವಾರಕ್ಕೊಮ್ಮೆ. ಉಳಿದವರದ್ದು ಅನುಕೂಲವಾದಾಗ. ಉಬ್ಬಸದ ಮಗು ತಾಯಿಯ ಪಕ್ಕದಲ್ಲೇ ಮಲಗುವುದಾದರೆ ತಾಯಿಯ ಹಾಸಿಗೆಯನ್ನೂ ಅದರ ಜೊತೆ ಸೇರಿಸಿಕೊಳ್ಳಿ. ಇನ್ನು ಹಾಸಿಗೆ ಹೊತ್ತು ಮಾಳಿಗೆಗೆ ಹತ್ತಿಸುವುದು ಗಂಡಸರ ಕೆಲಸ. ಹಿಂದೆ ಕುಳಿತಿರುವ ಅಣ್ಣಂದಿರು ಕೇಳಿಸಿಕೊಂಡರೆ ಒಳ್ಳೆಯದು.

ದಪ್ಪ ಹಾಸಿಗೆಯನ್ನು ಒಗೆಯಲಾಗುವುದಿಲ್ಲ. ಅದಕ್ಕೆ ಬಿಸಿಲು. 1994ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನೆಲಗಂಬಳಿಗಳನ್ನು ನೇರ ಬಿಸಿಲಿಗೆ ಕವುಚಿ ಹಾಕಿ ಪರೀಕ್ಷೆ ಮಾಡಿದಾಗ ಅದರೊಳಗಿನ ನುಸಿಗಳೆಲ್ಲ ಸತ್ತಿದ್ದವು. ಬಿಸಿಲಿನಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಕಾವು ಏರುತ್ತದೆ, ತೇವ ಇಳಿಯುತ್ತದೆ. ಆದರೆ ತೆಳ್ಳನೆಯ ಕಂಬಳಿಗೂ ಅರ್ಧ ಅಡಿ ದಪ್ಪದ ಹತ್ತಿ ಹಾಸಿಗೆಗೂ ವ್ಯತ್ಯಾಸವಿದೆ. ನುಸಿಗೆ ಬೆಳಕು ಆಗದು, ಮೇಲ್ಭಾಗ ಕಾದರೆ ಒಳಕ್ಕೆ ಇಳಿಯುತ್ತದೆ. ಆದುದರಿಂದ ಹಗ್ಗದ ಮೇಲೆ ಒಂದು ಗಂಟೆ ನೇತು ಹಾಕಿ ತಂದರೆ ಸಾಲದು. ತಾರಸಿಯ ಮೇಲೆ ಅಥವಾ ಕಲ್ಲು ಚಪ್ಪಡಿಯ ಮೇಲೆ ಹನ್ನೊಂದು ಗಂಟೆಗೆ ಹಾಕಿ, ಒಂದೂವರೆಗೆ ಮಗುಚಿ ಹಾಕಿ, ನಾಲ್ಕರ ಒಳಗೆ ತಂದುಬಿಡಿ. ಸಂಜೆಯ ತಂಪು ಹಿಡಿಯಲು ಬಿಟ್ಟರೆ ಒಣಗಿಸಿದ್ದು ವ್ಯರ್ಥ. ಮೇಲೆ ಕರಿ ಕಂಬಳಿ ಹೊದಿಸಿದರೆ ಕಾವು ಚೆನ್ನಾಗಿ ಹಿಡಿಯುತ್ತದೆ. ಬಿಸಿಲಿಗೆ ಹಾಕಿದ ಮೇಲೆ ಬೆತ್ತದಿಂದ ಬಡಿದು ಧೂಳು ಹಾರಿಸುವುದು ಅವಶ್ಯ, ಏಕೆಂದರೆ ಸತ್ತ ನುಸಿಯ ಹಿಕ್ಕೆ ಅದರಲ್ಲೇ ಇರುತ್ತದೆ. ಬಡಿಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ಉಬ್ಬಸ ಇರುವವರು ಆ ಕಡೆ ಸುಳಿಯಬಾರದು.

ಮಳೆಗಾಲದಲ್ಲಿ ಬಿಸಿಲು ಎಲ್ಲಿದೆ ಎನ್ನುತ್ತೀರಿ. ನಮ್ಮ ಕಡೆ ಎಂಥ ಮಳೆಗಾಲದಲ್ಲೂ ನಡುವೆ ನಾಲ್ಕು ದಿನ ಹೊಳವಾಗುತ್ತದೆ. ಆ ದಿನ ರಾಗಿ ಹರವುವುದರ ಜೊತೆಗೆ ಹಾಸಿಗೆಯನ್ನೂ ನೆನಪು ಮಾಡಿಕೊಳ್ಳಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವುದನ್ನು ಬಿಡಿ. ಆ ತೇವವನ್ನು ಕುಡಿಯುವುದು ಹಾಸಿಗೆ.

ಬೆಳಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿ ಮೂಲೆಗಿಡುವುದು ನಮ್ಮಲ್ಲಿ ಅಚ್ಚುಕಟ್ಟುತನದ ಲಕ್ಷಣ. ರಾತ್ರಿಯ ಬೆವರು, ಉಸಿರಿನ ತೇವ ಎಲ್ಲ ಅದರೊಳಗೇ ಸುತ್ತಿಕೊಳ್ಳುತ್ತದೆ. ಹಾಲು ಹಾಕಿ ಬರುವವರೆಗಾದರೂ ಕಿಟಕಿ ತೆಗೆದು ಬಿಡಿಸಿಟ್ಟಿರಿ, ಆಮೇಲೆ ಸುತ್ತಿ. ಇನ್ನೊಂದು ಅಭ್ಯಾಸ, ಮಲಗುವ ಹೊತ್ತಿಗೆ ಸರಿಯಾಗಿ ಹಾಸಿಗೆ ಕೊಡವುವುದು. ಚೇಳು, ಹಾವು ಸೇರಿರಬಹುದೆಂದು ಕೊಡವುವುದು ಸರಿ, ಅದನ್ನು ಬಿಡಬೇಡಿ. ಆದರೆ ಕೊಡವಿದಾಗ ಎದ್ದ ಧೂಳು ಕೆಳಗೆ ಕೂರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಮಗುವನ್ನು ಮಲಗಿಸಿದರೆ ಅಷ್ಟನ್ನೂ ಮಗು ಉಸಿರಾಡುತ್ತದೆ. ಊಟಕ್ಕೆ ಕೂರುವ ಮೊದಲು ಕೊಡವಿ ಹಾಸಿಟ್ಟು, ಊಟ ಮುಗಿಸಿ ಮಲಗಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ದಿಂಬಿನ ವಿಷಯದಲ್ಲಿ ಬಡವರ ದಿಂಬೇ ಮೇಲು ಎನ್ನುತ್ತೇನೆ. ಹಳೆಯ ಸೀರೆ, ಪಂಚೆ ಮಡಿಸಿ ತುಂಬಿದ ದಿಂಬನ್ನು ಬಿಚ್ಚಿ ಎಲ್ಲವನ್ನೂ ಒಗೆಯಬಹುದು. ಹತ್ತಿ ಅಥವಾ ಬೂರುಗದ ದಿಂಬು ಹತ್ತು-ಹದಿನೈದು ವರ್ಷ ಹಾಗೆಯೇ ಉಳಿದಿರುತ್ತದೆ. ಮೂಗಿಗೆ ಅತಿ ಹತ್ತಿರದ ವಸ್ತು ಅದು. ಹತ್ತಿ ಹಿಂಜಿಸಿ ಮತ್ತೆ ತುಂಬಿಸುವುದಾದರೆ ಊರ ಹೊರಗೆ, ಬಯಲಿನಲ್ಲಿ ಮಾಡಿಸಿ. ಉಬ್ಬಸದ ಮಗುವಿಗೆ ಮಾತ್ರ ಹಳೆಯ ಹತ್ತಿ ಬೇಡ. ಅಂಗಡಿಯಲ್ಲಿ ಸಿಗುವ ಕೃತಕ ನಾರಿನ ದಿಂಬಿಗೆ ನುಸಿ ಹಿಡಿಯುವುದಿಲ್ಲ ಎಂಬ ಮಾತಿದೆ. ಅದು ಸರಿಯಲ್ಲ, ಅದಕ್ಕೂ ಹಿಡಿಯುತ್ತದೆ. ಅದನ್ನು ಒಗೆಯಬಹುದು ಎಂಬುದಷ್ಟೇ ಅದರ ಗುಣ. ತೆಂಗಿನ ನಾರಿನ ಹಾಸಿಗೆ, ಸ್ಪಂಜಿನ ಹಾಸಿಗೆಗೂ ಇದೇ ಮಾತು. ಚಾಪೆಯ ಮೇಲೆ ಒಗೆದ ದುಪ್ಪಟಿ ಹಾಸಿ ಮಲಗುವವರಲ್ಲಿ ನುಸಿಗೆ ಅಡಗಲು ಆಳವಾದ ಜಾಗವೇ ಸಿಗುವುದಿಲ್ಲ.

ಹಾಸಿಗೆಗೆ, ದಿಂಬಿಗೆ ಪೂರ್ತಿ ಮುಚ್ಚುವ ಒತ್ತು ನೇಯ್ಗೆಯ ಚೀಲಗಳು ಪಟ್ಟಣದಲ್ಲಿ ಸಿಗುತ್ತವೆ, ಜಿಪ್ ಇರುತ್ತದೆ. ಒಳಗಿನ ಹಿಕ್ಕೆ ಹೊರಗೆ ಬರದಂತೆ, ಹೊರಗಿನ ಚರ್ಮದ ಹೊಟ್ಟು ಒಳಗೆ ಹೋಗದಂತೆ ಅವು ತಡೆಯುತ್ತವೆ. ಬೆಲೆ ಹೆಚ್ಚು. ಕೊಳ್ಳುವುದಾದರೆ ಮಗುವಿನ ದಿಂಬಿಗೆ ಮೊದಲು, ಆಮೇಲೆ ಹಾಸಿಗೆಗೆ. ಅದರ ಬದಲು ತೆಳು ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಸಡಿಲವಾದ ಪ್ಲಾಸ್ಟಿಕ್ ಕೂಸಿನ ಮುಖಕ್ಕೆ ಅಂಟಿದರೆ ಪ್ರಾಣಕ್ಕೇ ಅಪಾಯ, ಬೇಡ.

ಇನ್ನು ಹೈನುಗಾರರ ಮನೆಗೇ ವಿಶೇಷವಾದ ಮಾತು. ಜಾಗವಿಲ್ಲದ ಮನೆಗಳಲ್ಲಿ ಪಶು ಆಹಾರದ ಚೀಲ, ಬೂಸಾ, ಹಿಂಡಿ ಎಲ್ಲವೂ ಮಲಗುವ ಕೋಣೆಯ ಮೂಲೆಯಲ್ಲಿರುತ್ತವೆ. ಅಟ್ಟದ ಮೇಲೆ ಒಣಹುಲ್ಲು. ಸುತ್ತಿಟ್ಟ ಹಾಸಿಗೆ ಆ ಚೀಲಗಳ ಮೇಲೆಯೇ. ಸಂಗ್ರಹಿಸಿದ ಕಾಳು, ಹಿಂಡಿ, ಹುಲ್ಲಿನಲ್ಲಿ ಬೇರೆ ಜಾತಿಯ ನುಸಿಗಳಿರುತ್ತವೆ. ಅವೂ ಹೀಗೆಯೇ ಉಬ್ಬಸ ತರಬಲ್ಲವು, ಅದರಲ್ಲೂ ದಿನವೂ ಮೇವು ಕೈಯಾಡಿಸುವವರಿಗೆ. ಆಹಾರದ ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಮಲಗುವ ಜಾಗದಿಂದ ದೂರ ಇಡಿ. ಮುಗ್ಗಲು ತಪ್ಪುವುದರಿಂದ ಹಸುವಿಗೂ ಅದೇ ಒಳ್ಳೆಯದು. ಖಾಲಿ ಚೀಲ ಬಿಚ್ಚಿ ಹೊಲಿದು ಹಾಸುವುದಾದರೆ ಕೊಡವಿ, ಒಗೆದು, ಒಣಗಿಸಿ ಹಾಸಿ. ಮುಗ್ಗಿದ ಹುಲ್ಲು ಕೊಡವಿದ ದಿನ ಸಂಜೆ ಚಳಿಜ್ವರ, ಎದೆ ಬಿಗಿತ, ಕೆಮ್ಮು ಬಂದು, ಎರಡು ದಿನದಲ್ಲಿ ಇಳಿದು, ಮತ್ತೆ ಹುಲ್ಲು ಮುಟ್ಟಿದಾಗ ಮರಳುತ್ತಿದ್ದರೆ ಅದು ನುಸಿಯ ಕೆಲಸವಲ್ಲ, ಬೂಷ್ಟಿನಿಂದ ಬರುವ ಬೇರೆ ಕಾಯಿಲೆ ಇರಬಹುದು. ವೈದ್ಯರ ಬಳಿ ಹುಲ್ಲಿನ ವಿಷಯವನ್ನು ಮರೆಯದೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯದಿರಬಹುದು.

ಇಷ್ಟೆಲ್ಲ ಕೇಳಿ, ಕೊಟ್ಟಿಗೆಯೇ ಮಗುವಿನ ಶತ್ರು, ಹಸು ಮಾರಿಬಿಡೋಣ ಎಂದು ಯಾರೂ ಹೊರಡಬೇಡಿ. 2016ರಲ್ಲಿ ಅಮೆರಿಕದ ಎರಡು ರೈತ ಸಮುದಾಯಗಳ ಮಕ್ಕಳನ್ನು ಹೋಲಿಸಿ ಒಂದು ಅಧ್ಯಯನ ಪ್ರಕಟವಾಯಿತು. ಮನೆಯ ಹತ್ತಿರವೇ ಕೊಟ್ಟಿಗೆ ಇಟ್ಟು ಹಳೆಯ ರೀತಿ ಹೈನುಗಾರಿಕೆ ಮಾಡುವ ಆಮಿಷ್ ಜನರ ಮಕ್ಕಳಲ್ಲಿ ಆಸ್ತಮಾ ನೂರಕ್ಕೆ ಸುಮಾರು 5. ಮನೆಯಿಂದ ದೂರದಲ್ಲಿ ದೊಡ್ಡ ಯಂತ್ರಗಳ ಸಾಕಣೆ ಮಾಡುವ ಹಟರೈಟ್ ಜನರಲ್ಲಿ ಸುಮಾರು 21. ಎಳೆಯ ವಯಸ್ಸಿನಲ್ಲಿ ಕೊಟ್ಟಿಗೆಯ ಒಡನಾಟ ಮಕ್ಕಳಿಗೆ ರಕ್ಷಣೆ ಕೊಡುತ್ತದೆ ಎಂದು ಇದರಿಂದ ತೋರುತ್ತದೆ. ಆದರೆ ಈಗಾಗಲೇ ಉಬ್ಬಸ ಬಂದಿರುವ ಮಗುವಿಗೆ ಧೂಳು ಧೂಳೇ. ಹಾಗೆಯೇ ಹಸಿ ಹಾಲು ಕುಡಿಸಿದರೆ ಅಲರ್ಜಿ ಬರುವುದಿಲ್ಲ ಎಂಬ ಮಾತು ಕೇಳಿ ಕಾಯಿಸದ ಹಾಲು ಕೊಡಬೇಡಿ. ಕಂದು ರೋಗ, ಕ್ಷಯ ಯಾವ ದಾರಿಯಲ್ಲಿ ಬರುತ್ತವೆ ಎಂದು ಈ ಸಂಘದಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ಕೊನೆಯದಾಗಿ, ಹಾಸಿಗೆ ಶುದ್ಧ ಮಾಡಿದ ಮಾತ್ರಕ್ಕೆ ಉಬ್ಬಸ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಒತ್ತು ನೇಯ್ಗೆಯ ಚೀಲಗಳನ್ನೇ ಹಾಕಿ ಇಂಗ್ಲೆಂಡಿನಲ್ಲಿ ದೊಡ್ಡವರ ಮೇಲೆ ಮಾಡಿದ ಪರೀಕ್ಷೆಯಲ್ಲಿ 2003ರಲ್ಲಿ ಪ್ರಯೋಜನ ಕಾಣಲಿಲ್ಲ. ನುಸಿ ಒಗ್ಗದ ಮಕ್ಕಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮಾತ್ರ ತುರ್ತಾಗಿ ಆಸ್ಪತ್ರೆಗೆ ಓಡುವ ಪ್ರಸಂಗಗಳು ಕಡಿಮೆಯಾದವು. ಎಲ್ಲ ಉಬ್ಬಸಕ್ಕೂ ನುಸಿ ಕಾರಣವಲ್ಲ. ಸೌದೆ ಒಲೆಯ ಹೊಗೆ, ಬೀಡಿ, ಸೊಳ್ಳೆ ಬತ್ತಿಯ ಹೊಗೆ ಮನೆಯಲ್ಲಿ ತುಂಬಿರುವಾಗ ಚಾದರ ಒಗ್ಗರಣೆಯಂತೆ ಕುದಿಸಿ ಏನು ಫಲ? ಮಗುವಿನ ಕೋಣೆಯಲ್ಲಿ ಬೀಡಿ ಹಚ್ಚುವುದು ಮೊದಲು ನಿಲ್ಲಲಿ.

ವೈದ್ಯರು ಎಳೆಯುವ ಔಷಧಿ, ಅಂದರೆ ಇನ್‌ಹೇಲರ್ ಬರೆದುಕೊಟ್ಟಿದ್ದರೆ ಅದನ್ನು ನಿಲ್ಲಿಸಬೇಡಿ. “ಅಭ್ಯಾಸ ಆಗಿಬಿಡುತ್ತೆ” ಎಂದು ಅಕ್ಕಪಕ್ಕದವರು ಹೆದರಿಸುತ್ತಾರೆ. ಆಗುವುದಿಲ್ಲ. ಕೆಚ್ಚಲು ಬಾವಿಗೆ ಟ್ಯೂಬು ಹಾಕಿದಾಗ ಎರಡನೇ ಹೊತ್ತಿಗೆ ಹಾಲು ತಿಳಿಯಾಯಿತೆಂದು ನಿಲ್ಲಿಸಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಉಸಿರು ಸರಾಗವಾಯಿತೆಂದು ದಿನವೂ ಎಳೆಯಬೇಕಾದ ಔಷಧಿ ಬಿಟ್ಟರೂ ಹಾಗೆಯೇ. ಮಗು ಒಂದು ಮಾತನ್ನು ಪೂರ್ತಿ ಆಡಲಾಗದೆ ಏದುಸಿರು ಬಿಡುತ್ತಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಮಗುವನ್ನು ಮಲಗಿಸಬೇಡಿ, ಕೂರಿಸಿ ಹಿಡಿದು ವೈದ್ಯರು ಕೊಟ್ಟಿರುವ ತುರ್ತಿನ ಇನ್‌ಹೇಲರ್ ಎಳೆಸಿ.

ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ಊಟದ ನಂತರ ಕೊಟ್ಟಿಗೆಗೆ ಬರುವಾಗ ಮನೆಯಲ್ಲಿ ಉಳಿದಿರುವ ಉಣ್ಣೆ ಔಷಧಿಯ ಬಾಟಲಿಗಳನ್ನು ತನ್ನಿ. ಅವಧಿ ಮೀರಿದ್ದು, ಹೆಸರಿನ ಚೀಟಿ ಹರಿದದ್ದು ಯಾವುದು ಎಂದು ನೋಡಿ ಅಲ್ಲೇ ಬೇರೆ ಮಾಡೋಣ.